ಧೂಮಕೇಶಿಯ ಆರು ಪೀಠಗಳು

ಬಹಳ ಹಿಂದಿನ ಮಾತು. ಕುಂದಣಾವತಿ ರಾಜ್ಯದ ಗಡಿಯಾಚೆ ಧೂಮಕೇಶಿ ಎಂಬ ಮಾಂತ್ರಿಕನಿದ್ದ. ಅವನ ಗುಹೆಯಲ್ಲಿ ಸಾಲಾಗಿ ಆರು ಕಲ್ಲುಪೀಠ. ಪೀಠಕ್ಕೊಬ್ಬ ಸೆರೆಯಾಳು, ಒಬ್ಬೊಬ್ಬರ ಹಣೆಯ ಮೇಲೂ ಉರಿಯುವ ಒಂದು ಅಂಕಿ. ಎಡದಿಂದ ಓದಿದರೆ 1,42,857. ಹಣೆಯಲ್ಲಿ ಎಷ್ಟಿದೆಯೋ ದಿನಕ್ಕೆ ಅಷ್ಟೇ ಹಿಡಿ ಅನ್ನ. ಎಂಟು ಬಂದ ಮುದುಕ ಉಂಡು ತೇಗುತ್ತಿದ್ದ. ಒಂದು ಬಂದ ರಾಜಕುಮಾರಿ ಮುದ್ದಾಂಬೆ ಹಸಿವಿನಿಂದ ಸಾಯುವ ಹಾಗಾಗಿದ್ದಳು.

ತಂಗಿಯನ್ನು ಬಿಡಿಸಲು ಕೆಂಚಾಂಬೆ ಕತ್ತಿ ಹಿಡಿದು ಬಂದಳು. ಕತ್ತಿ ಬಾಗಿಲಲ್ಲೇ ಹಾವಾಗಿ ಹರಿದುಹೋಯಿತು.

ಧೂಮಕೇಶಿ ನಕ್ಕ. "ನಾನೇನು ಅನ್ಯಾಯಗಾರನಲ್ಲ ತಾಯಿ. ಬಂದವರಿಗೆಲ್ಲ ಮೂರು ಸಲ ಕೇಳುವ ಹಕ್ಕು ಕೊಟ್ಟಿದ್ದೇನೆ. ಒಂದು ಅಂಕಿ ಹೇಳು, ಪ್ರತಿ ಸಲವೂ ಈ ಮೊದಲಿನ ಸಂಖ್ಯೆಯನ್ನೇ ಅದರಿಂದ ಗುಣಿಸುತ್ತೇನೆ. ಬಂದದ್ದು ಇವರ ಪಾಲು."

"ಆರು," ಎಂದಳು ಕೆಂಚಾಂಬೆ.

8,57,142. ಮುದ್ದಾಂಬೆಗೆ ಎಂಟು! ಅಕ್ಕ ಹಿಗ್ಗಿದಳು. ಆದರೆ ಮುದುಕನ ಹಣೆಯಲ್ಲಿ ಈಗ ಒಂದು. ಅವನು ಬಿಕ್ಕಿ ಬಿಕ್ಕಿ ಅತ್ತ.

"ಮೂರು," ಎಂದಳು.

4,28,571. ಈ ಸಲ ಒಂದು ಬಿದ್ದದ್ದು ಕೊನೆಯ ಪೀಠದ ಬಸುರಿಗೆ.

ಕೆಂಚಾಂಬೆಗೆ ಮೈಯೆಲ್ಲ ಉರಿಯಿತು. "ಅವೇ ಆರು ಅಂಕಿ! ಅವನ್ನೇ ಸುತ್ತಿಸಿ ಸುತ್ತಿಸಿ ಇಡುತ್ತೀಯ! ಒಬ್ಬರ ತಟ್ಟೆಯಿಂದ ಕಿತ್ತು ಇನ್ನೊಬ್ಬರಿಗೆ ಬಡಿಸೋದಕ್ಕೆ ಹಕ್ಕು ಅಂತ ಹೆಸರು ಬೇರೆ! ನಿನ್ನ ನ್ಯಾಯಕ್ಕಿಷ್ಟು ಬೆಂಕಿ ಹಾಕ!"

ಬೆಂಕಿ ಹಾಕಬೇಕಾದ್ದೇ. ಅವಳಿಗಿಂತ ಮುಂಚೆ ಎಷ್ಟು ಜನ ಬಂದಿದ್ದರೋ, ಎಲ್ಲರೂ ಆರರೊಳಗೇ ಕೇಳಿ ಸೋತಿದ್ದರು. ಪೀಠ ಆರು, ಆದ್ದರಿಂದ ಆರು ದಾಟಬಾರದೆಂದು ಜನ ತಾವೇ ಅಂದುಕೊಂಡಿದ್ದರು. ಆ ಖದೀಮ ಬೇಕೆಂದೇ ಬಾಯಿಬಿಟ್ಟಿರಲಿಲ್ಲ.

"ಏಳು," ಎಂದಳು ಕೆಂಚಾಂಬೆ.

ಧೂಮಕೇಶಿಯ ಮುಖ ಬಿಳಿಚಿತು. "ಬೇಡ! ಎಲ್ಲರಿಗೂ ಸೊನ್ನೆ ಬಂದೀತು!"

ಅವಳು ಸೆರೆಯಾಳುಗಳ ಕಡೆ ತಿರುಗಿದಳು. "ಸೊನ್ನೆ ಬಂದರೆ ಎಲ್ಲರಿಗೂ ಉಪವಾಸ. ಒಪ್ಪುತ್ತೀರಾ?"

"ಏಳನ್ನೇ ಕೇಳಿಬಿಡು ತಾಯಿ," ಎಂದ ಮುದುಕ. "ಇನ್ನೊಬ್ಬರ ತಟ್ಟೆ ನೋಡಿಕೊಂಡು ಉಂಡದ್ದು ಸಾಕಾಯಿತು." ಉಳಿದವರೂ ತಲೆಯಾಡಿಸಿದರು.

ಹಣೆಗಳಲ್ಲಿ ಮೊದಲಿನ ಸಂಖ್ಯೆ ಮತ್ತೆ ಮೂಡಿತು. ಬಲಗಡೆಯಿಂದ ಗುಣಾಕಾರ ಶುರುವಾಯಿತು. ಬಸುರಿಯ ಏಳನ್ನು ಏಳರಿಂದ ಗುಣಿಸಿದಾಗ ನಲವತ್ತೊಂಬತ್ತಾಯಿತು. ಅವಳು ಒಂಬತ್ತು ಇಟ್ಟುಕೊಂಡು ನಾಲ್ಕನ್ನು ಪಕ್ಕದವನಿಗೆ ದಾಟಿಸಿದಳು. ಅವನ ಐದು ಮೂವತ್ತೈದಾಯಿತು, ಬಂದ ನಾಲ್ಕು ಸೇರಿ ಮೂವತ್ತೊಂಬತ್ತು. ಅವನೂ ಒಂಬತ್ತು ಇಟ್ಟುಕೊಂಡು ಮೂರನ್ನು ಮುದುಕನಿಗೆ ದಾಟಿಸಿದ. ಹೀಗೆ ಕೈಯಿಂದ ಕೈಗೆ ಸಾಗಿ ಕೊನೆಗೆ ಮುದ್ದಾಂಬೆಯವರೆಗೆ ಬಂತು. ಅವಳ ಒಂದು ಏಳಾಯಿತು, ಪಕ್ಕದವಳು ಕೊಟ್ಟ ಎರಡು ಸೇರಿ ಒಂಬತ್ತು.

9,99,999.

ಯಾರೂ ಯಾರ ಹಣೆಯನ್ನೂ ನೋಡಲಿಲ್ಲ. ನೋಡುವುದಕ್ಕೆ ಏನಿತ್ತು? ಆರು ಜನವೂ ಮೊದಲ ಬಾರಿಗೆ ಒಟ್ಟಿಗೆ ಧೂಮಕೇಶಿಯನ್ನೇ ನೋಡಿದರು. ಅವನು ಹೊಗೆಯಾಗಿ ಬಂಡೆಯ ಬಿರುಕಿನಲ್ಲಿ ಓಡಿಹೋದ. ಸರಪಳಿಗಳು ಕಳಚಿ ಬಿದ್ದವು.

"ಅಕ್ಕಾ, ಹಸಿವು," ಎಂದಳು ಮುದ್ದಾಂಬೆ.

ಎಲ್ಲರೂ ಸುತ್ತ ಕೂತರು. ಒಬ್ಬೊಬ್ಬರಿಗೆ ಒಂಬತ್ತು ಹಿಡಿ ಅನ್ನ. ಕೆಂಚಾಂಬೆಗೆ ಪಾಲಿರಲಿಲ್ಲ, ಆರು ಜನವೂ ಒಂದೊಂದು ಹಿಡಿ ತೆಗೆದು ಅವಳ ಮುಂದಿಟ್ಟರು. ಉಂಡು ಕೈತೊಳೆದು ಊರಿಗೆ ಹೊರಟರು, ಬದುಕಿರುವವರೆಗೂ ಸುಖವಾಗಿದ್ದರು.