ಬಿರುಕಿನೊಳಗಿನ ಬೆರಳಚ್ಚು

“ಅಯ್ಯೋ... ಮುಟ್ಟಬೇಡಿ ಅದನ್ನ!”

ಅವಳು ಕೂಗಿದ ರಭಸಕ್ಕೆ ಪ್ರದರ್ಶನದ ಹಾಲ್‌ನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಶಿಲ್ಪಕ್ಕೆ ಮರದ ಪೀಠ ಮಾಡಿ ತಂದಿದ್ದ, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದ ಬಡಗಿ ಮಾತ್ರ ಕೈ ತೆಗೆಯಲಿಲ್ಲ. ಅವಳ ಪಿಂಗಾಣಿ ಶಿಲ್ಪವನ್ನು ನಿಧಾನಕ್ಕೆ ತಿರುಗಿಸಿ, ಬಿರುಕು ಬಿಟ್ಟ ಮಗ್ಗುಲನ್ನು ಬಾಗಿಲ ಕಡೆಗೆ ಮಾಡಿದ!

ಅವಳ ಮೈ ಉರಿದುಹೋಯಿತು. ಒಂದು ವರ್ಷದ ಶ್ರಮ ಅದು. ಒಣಗಿದ ಬೀಜದ ಕಾಯಿಯನ್ನು ನೆನಪಿಗೆ ತರುವ, ಇಂಥದ್ದೇ ಎಂದು ಹೇಳಲಾಗದ ಆಕಾರ. ಗೂಡಿನಲ್ಲಿ ಸುಡುವಾಗ ಸೀಳಿತ್ತು, ತಳವೂ ಸೊಟ್ಟಗಾಗಿತ್ತು. ಬಿರುಕು ಕಂಡರೆ ಒಡೆದುಹಾಕು ಎನ್ನುವ ಗುರುಗಳು ಇನ್ನು ಹತ್ತು ನಿಮಿಷಕ್ಕೆ ಬರುವವರಿದ್ದರು. ಅವರು ಬೇಡವೆಂದರೆ ಅವಳ ಮೊದಲ ಪ್ರದರ್ಶನ ಅಲ್ಲಿಗೇ ಮುಗಿದಂತೆ.

ಅವಳು ಬಿರುಕನ್ನು ಗೋಡೆಗೆ ತಿರುಗಿಸಿದಳು. ಶಿಲ್ಪ ಗಡಗಡ ಅಲುಗಾಡಿತು.

“ನೋಡಿ, ನಿಮ್ಮ ಪೀಠವೇ ಸರಿಯಿಲ್ಲ!”

ಅವನು ತುಟಿಪಿಟಕ್ಕೆನ್ನದೆ ಮತ್ತೆ ಬಾಗಿಲಿಗೆ ತಿರುಗಿಸಿದ. ಶಿಲ್ಪ ಗಟ್ಟಿಯಾಗಿ ಕೂತಿತು.

‘ಎಲ್ಲರ ಮುಂದೆ ನನ್ನ ಮಾನ ಕಳೆಯಲೆಂದೇ ಬಂದಿದ್ದಾನಾ?’

“ನನ್ನ ಮೇಲೆ ಯಾಕ್ರೀ ಹಗೆ?”

“ಹಗೆನಾ?” ಅವನ ಮುಖ ಸಪ್ಪಗಾಯಿತು. “ನಿಮ್ಮಕ್ಕ ಇದನ್ನ ಅಳತೆಗೆ ಅಂತ ನಾಲ್ಕು ದಿನ ನನ್ನ ಅಂಗಡೀಲಿ ಬಿಟ್ಟಿದ್ರು. ತಳ ಹೇಗೆ ಸೊಟ್ಟ ಇದೆಯೋ ಹಾಗೇ ಮರ ಕೆತ್ತಿದೀನಿ. ಹೀಗಿಟ್ರೆ ಮಾತ್ರ ಕೂರುತ್ತೆ.”

“ಬಿರುಕೇ ಯಾಕೆ ಮುಂದೆ ಬರಬೇಕು?”

“ಒಳಗೆ ನೋಡಿ.”

ಅವಳು ಬಗ್ಗಿದಳು. ಬಿರುಕಿನಿಂದ ಬೆಳಕು ಒಳಗೆ ಬಿದ್ದಿತ್ತು. ಮಣ್ಣು ಒತ್ತಿದ ಅವಳದೇ ಬೆರಳಿನ ಗುರುತುಗಳು... ಸಾಲುಸಾಲಾಗಿ! ಶಿಲ್ಪ ಸೀಳಿದ ಸಿಟ್ಟಿನಲ್ಲಿ ಅವಳು ಒಮ್ಮೆಯೂ ಒಳಗೆ ಇಣುಕಿರಲಿಲ್ಲ.

“ನಾಲ್ಕು ದಿನದಿಂದ ಒಂದೇ ಯೋಚನೆ... ಈ ಬೆರಳಿನವರನ್ನ ಒಂದ್ಸಲ ನೋಡಬೇಕು ಅಂತ. ನೋಡಿದ್ಮೇಲೆ ಮಾತೇ ಹೊರಡಲಿಲ್ಲ.”

ಅವಳು ತನ್ನ ಬೆರಳುಗಳನ್ನೇ ಒಮ್ಮೆ ನೋಡಿಕೊಂಡಳು.

“ನಾನು ಅಳತೆಗೆ ಕೊಟ್ಟಿದ್ದಪ್ಪಾ, ಇದು ಎಲ್ಲಿಗೋ ಹೋಯ್ತು!” ಎಂದು ಪಕ್ಕದಲ್ಲೇ ನಿಂತಿದ್ದ ಅಕ್ಕ ಕಿಸಕ್ಕನೆ ನಕ್ಕಳು.

ಅಷ್ಟರಲ್ಲಿ ಗುರುಗಳು ಒಳಬಂದರು. ಅವಳ ಕೈ ಅಭ್ಯಾಸಬಲದಿಂದ ಶಿಲ್ಪದತ್ತ ಹೋಯಿತು... ಆದರೆ ಅದನ್ನು ತಿರುಗಿಸಲಿಲ್ಲ.

“ಇದನ್ನ ಒಡೀಲಿಲ್ವೇನಮ್ಮಾ?”

“ಇಲ್ಲ ಸರ್. ಒಡೆಯಲ್ಲ.”

ಗುರುಗಳು ಕನ್ನಡಕ ಏರಿಸಿಕೊಂಡು ಬಿರುಕಿನೊಳಗೆ ಬಹಳ ಹೊತ್ತು ನೋಡಿದರು. ಕೊನೆಗೆ ಮೆಲ್ಲಗೆ, “ಎಷ್ಟು ಒಳ್ಳೆಯ ಶಿಲ್ಪಗಳನ್ನ ಒಡೆಸಿಬಿಟ್ಟೆನೋ ನಾನು!” ಎಂದರು.

ಅವಳ ಕಣ್ಣು ತುಂಬಿತು. ಬಡಗಿ ಕಂಬದ ಹಿಂದೆ ನಿಂತು ಅವಳಿಗಿಂತ ಹೆಚ್ಚು ಹಿಗ್ಗುತ್ತಿದ್ದ.

“ಏನ್ರೀ...” ಅವಳು ಹತ್ತಿರ ಹೋದಳು. “ಬೈದಿದ್ದಕ್ಕೆ ಬೇಜಾರಾ?”

“ನೀವು ಮಾತಾಡಿದ್ರಲ್ಲ, ಅಷ್ಟು ಸಾಕು.”

“ಭಾನುವಾರ ಮತ್ತೆ ಗೂಡು ತೆರೀತೀನಿ. ಬರ್ತೀರಾ?”

“ಅಳತೆಪಟ್ಟಿ ತರಲಾ?”

“ಬೇಡ... ನೀವು ಬನ್ನಿ, ಸಾಕು!”