ಹದಮಣ್ಣಿನ ದಾರಿ

ನವಲೂರಿನ ಹತ್ತಿರ ಟಿಪ್ಪರೊಂದು ಮುಖ್ಯರಸ್ತೆಯ ಗದ್ದಲ ತಪ್ಪಿಸಿಕೊಳ್ಳಲು ಸೈಕಲ್ ದಾರಿಗೆ ನುಗ್ಗಿತು. ಹತ್ತು ಮಾರು ಹೋಗಿರಲಿಲ್ಲ, ಗಾಲಿಗಳು ಪೂರ್ತಿ ಹೂತು ಅದು ನಿಂತುಬಿಟ್ಟಿತು. ಪಕ್ಕದಲ್ಲೇ ಸೈಕಲ್ಲುಗಳು ಸರಸರನೆ ದಾಟಿಹೋದವು. "ಮಾಡಿದ್ದುಣ್ಣೋ ಮಹಾರಾಯ," ಎಂದು ಒಬ್ಬ ಡ್ರೈವರನ ಕಡೆ ನೋಡಿ ನಕ್ಕು ಹೋದ.

ಹುಬ್ಬಳ್ಳಿಯಿಂದ ಧಾರವಾಡದ ತನಕ ಹಾಸಿದ್ದ ಈ ಹದಮಣ್ಣು ನೀಲಾಂಬಿಕೆಯ ಸಂಶೋಧನೆ. ಚಾಪೆಯಗಲದ ಜಾಗದ ಮೇಲೆ ಇಬ್ಬರ ಭಾರ ಬೀಳುವ ತನಕ ಅದು ಕಲ್ಲು. ಅದು ಮೀರಿತೋ, ಕಣಗಳ ನಡುವಿನ ಹಿಡಿತ ಸಡಿಲಿ ಕೆಸರು. ಅವಳು ಹನ್ನೊಂದು ವರ್ಷದವಳಿದ್ದಾಗ ಅಪ್ಪನ ಸೈಕಲ್ಲಿಗೆ ಟಿಪ್ಪರ್ ಬಡಿದಿತ್ತು. ಹಿಂದಿನ ಕ್ಯಾರಿಯರಿನ ಮೇಲಿದ್ದ ಅವಳು ಉಳಿದಳು, ಅಪ್ಪ ಉಳಿಯಲಿಲ್ಲ. ಬೇಲಿ ಹಾಕಿದರೆ ಕಿತ್ತಾರು, ಕಾವಲಿಟ್ಟರೆ ಲಂಚ ಕೊಟ್ಟಾರು. ಮಣ್ಣೇ ಒಲ್ಲೆ ಎಂದರೆ ಯಾರೇನು ಮಾಡಿಯಾರು ಎಂಬುದು ಅವಳ ಲೆಕ್ಕ.

ಒಂದು ಮುಂಜಾನೆ ಅವಳ ಅಣ್ಣ ಮಡಿವಾಳಪ್ಪ ಅವಳ ಕಣ್ಣೆದುರೇ ಎದೆ ಹಿಡಿದುಕೊಂಡು ಸೈಕಲ್ಲಿನಿಂದ ಉರುಳಿದ. ಭಾರೀ ಆಳು. ಕಂಡವರೆಲ್ಲ ಸೈಕಲ್ ಬಿಸಾಕಿ ಓಡಿಬಂದರು. ಅವರು ಬಂದಷ್ಟೂ ನೆಲ ಮೆತ್ತಗಾಯಿತು. ಮಡಿವಾಳಪ್ಪನ ಕಿವಿಯ ತನಕ ಕೆಸರೇರಿತು.

"ಯಾರೂ ಬರಬ್ಯಾಡ್ರಿ, ಹಿಂದಕ್ಕ ಸರೀರಿ," ಎಂದು ನೀಲಾಂಬಿಕೆ ಕೂಗಿದಳು.

"ನಿಮ್ಮೊಬ್ರಿಂದ ಎತ್ತೂದು ಆಗೂದಿಲ್ರಿ, ಅಕ್ಕಾರ," ಎಂದನೊಬ್ಬ.

"ಗೊತ್ತದ. ಆದ್ರೂ ಸರೀರಿ."

ಆಂಬುಲೆನ್ಸು ಟಾರು ರಸ್ತೆಯಲ್ಲೇ ಕೂಗುತ್ತ ನಿಂತಿತ್ತು. ಅವಳು ಅಣ್ಣನ ರಟ್ಟೆ ಹಿಡಿದು ಒಬ್ಬಳೇ ಎಳೆದಳು. ಅಲ್ಲಿಗೆ ಮುಟ್ಟುವಷ್ಟರಲ್ಲಿ ಅವನ ಉಸಿರು ನಿಂತಿತ್ತು.

ಮಣ್ಣನ್ನು ಗಟ್ಟಿ ಮಾಡಿಬಿಡೋಣ ಎಂದು ಅವಳು ಊರವರ ಮುಂದೆ ಅತ್ತಳು. ದಾರಿಯ ಸಮಿತಿಯ ಹಿರಿಯ ಈರಬಸಪ್ಪ ತಲೆಯಾಡಿಸಿದ. "ಗಟ್ಟಿ ಮಾಡಿದ್ರ ನಾಳೆನ ಟಿಪ್ಪರ್ ಬರ್ತಾವ, ತಂಗಿ. ನಿಮ್ಮಪ್ಪನಂಗ ದಿನಾ ಒಬ್ರು ಹೋಗ್ತಾರ." ಅದೂ ಸುಳ್ಳಲ್ಲ. ಕೊನೆಗೆ ದಾರಿಯುದ್ದಕ್ಕೂ ಫಲಕ ನೆಟ್ಟರು: ಬಿದ್ದವರ ಹತ್ತಿರ ಗುಂಪುಗೂಡಬೇಡಿ. ಶಾಲೆಯಲ್ಲಿ ಮಕ್ಕಳಿಗೂ ಅದನ್ನೇ ಕಲಿಸಿದರು.

ಕೆಲವು ವರ್ಷಗಳ ಮೇಲೆ ಧಾರವಾಡದ ಪೇಟೆಯಲ್ಲಿ ಮುದುಕಿಯೊಬ್ಬಳು ಕಣ್ಣಿಗೆ ಕತ್ತಲೆ ಬಂದು ಬಿದ್ದಳು. ಜನ ಸುತ್ತ ನಿಂತರು, ಆದರೆ ದೂರದಲ್ಲಿ. ನೀಲಾಂಬಿಕೆ ಓಡಿಹೋಗಿ ಮುದುಕಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. "ಇದು ಟಾರ್ ರಸ್ತಾ, ಕುಸಿಯೂದಿಲ್ಲ. ಯಾರರ ಕೈ ಹಚ್ಚ ಬರ್ರಿ," ಎಂದಳು. ಯಾರೂ ಕದಲಲಿಲ್ಲ. ಒಂದಿಬ್ಬರು ಮೊಬೈಲು ಎತ್ತಿ ಹಿಡಿದರು.

ಇದನ್ನು ಇವರಿಗೆ ಕಲಿಸಿದ ಪಾಪಿ ನಾನೇ ಎಂದುಕೊಂಡಳು. ಆಗ ಅಪ್ಪ ಬಿದ್ದ ದಿನ ನೆನಪಾಯಿತು. ಅಂದೂ ಜನ ಹೀಗೇ ಸುತ್ತ ನಿಂತಿದ್ದರು, ಇಷ್ಟೇ ದೂರದಲ್ಲಿ, ಮೊಬೈಲು ಎತ್ತಿಕೊಂಡು. ಅದು ೨೦೨೬ನೆಯ ಇಸವಿ. ಹದಮಣ್ಣು ಇನ್ನೂ ಹುಟ್ಟಿರಲಿಲ್ಲ. ಅವರ ಕಾಲ ಕೆಳಗೆ ಇದ್ದದ್ದು ಗಟ್ಟಿ ಟಾರು.