ಮೋಡಪೇಟೆಯಲ್ಲಿ ಕಟ್ಟಿದ ಬುತ್ತಿ

ಬಲು ಹಿಂದೆ, ಬೆಟ್ಟಗಳಾಚೆಯ ಒಂದು ರಾಜ್ಯದಲ್ಲಿ ಮಲ್ಲಾದೇವಿಯೆಂಬ ರಾಣಿಯಿದ್ದಳು. ಒಂದು ಇರುಳು ಮಸಿಗಣ್ಣನೆಂಬ ಮಾಂತ್ರಿಕ ಅವಳ ದನಿಯನ್ನೇ ಕದ್ದು, ಸೋರೆಬುರುಡೆಯಲ್ಲಿ ತುಂಬಿ, ಶಿಖರದ ಮೇಲಿನ ತನ್ನ ಗವಿಯಲ್ಲಿ ಅಡಗಿಸಿಟ್ಟ. ರಾಣಿ ಮೂಕಿಯಾದಳು. ದನಿಯನ್ನು ಮರಳಿ ತರುವವರು ಬೇಕೆಂದು ರಾಜ ಡಂಗುರ ಸಾರಿಸಿದ. ಆ ಶಿಖರಕ್ಕೆ ಕುದುರೆ ಏರದು, ಪಲ್ಲಕ್ಕಿ ಹೋಗದು, ನಡೆದೇ ಹೋಗಬೇಕು. ರಾಣಿಯ ಒಬ್ಬನೇ ಮಗ ಇಂದುಧರ ಹೊರಟ. ಬೆಟ್ಟ ಹತ್ತಿದ, ಬೆಟ್ಟ ಇಳಿದ, ತಿಂಗಳುಗಟ್ಟಲೆ ನಡೆದ. ಅಂಗಾಲ ತುಂಬ ಬೊಬ್ಬೆ, ಜೋಳಿಗೆ ಬರಿದು. ಹಾಗೆಯೇ ಕುಂಟುತ್ತ ಮೋಡಪೇಟೆ ಸೇರಿದ.

ಮೋಡಪೇಟೆ ಆ ದಾರಿಯ ಕೊನೆಯ ಊರು. ಅಲ್ಲಿಂದಾಚೆಗೆ ಹಿಡಿ ಹಿಟ್ಟೂ ಸಿಗದು. ಹಾಗಾಗಿ ನಡೆದು ಬಂದವರೆಲ್ಲ ಅಲ್ಲಿನ ಛತ್ರದಲ್ಲಿ ತಂಗಿ, ಕಾಲಿಗೆ ಹರಳೆಣ್ಣೆ ಹಚ್ಚಿ, ಚಪ್ಪಲಿ ಹೊಲಿಸಿ, ಬುತ್ತಿಯೊಂದಿಗೆ ಮುಂದೆ ಹೋಗುತ್ತಿದ್ದರು. ಛತ್ರದ ಹೊನ್ನಜ್ಜಿಯದು ಒಂದೇ ಕಟ್ಟಳೆ: ಯಾರೂ ತಮ್ಮ ಬುತ್ತಿ ತಾವು ಕಟ್ಟುವಂತಿಲ್ಲ. ಇವನದನ್ನು ಅವನು ಕಟ್ಟಬೇಕು, ಅವನದನ್ನು ಇವನು. ಕಷ್ಟ ಎದುರಾಗುವ ತನಕ ಗಂಟು ಬಿಚ್ಚುವಂತಿಲ್ಲ.

ಛತ್ರದಲ್ಲಿ ಆಗಲೇ ಒಬ್ಬ ತಂಗಿದ್ದ. ಕುರಿ ಕಾಯುವ ಮಾಳ. ಅವನೂ ರಾಣಿಯ ದನಿ ತರಲೆಂದೇ ಹೊರಟವನು.

"ನಿನಗ್ಯಾಕಯ್ಯ ಈ ಉಸಾಬರಿ?" ಎಂದ ಇಂದುಧರ.

"ರಾಣಿಯಮ್ಮ ಒಂದ್ಸಲ ನಮ್ಮ ಹಟ್ಟಿಗೆ ಬಂದಿದ್ರು. ಪಕ್ಕದಲ್ಲಿ ಕೂರಿಸ್ಕೊಂಡು ಕತೆ ಹೇಳಿದ್ರು. ಆ ದನಿ ಇನ್ನೊಂದ್ಸಲ ಕೇಳಬೇಕು ಬುದ್ಧಿ, ಅಷ್ಟೆಯ."

ಇಂದುಧರನ ಎದೆಗೆ ಮೆಣಸಿನಪುಡಿ ತೂರಿದಂತಾಯಿತು. ನನ್ನ ಅಮ್ಮ ಇವನಿಗೆ ಕತೆ ಹೇಳಿದಳೇ? ಸಾಲದ್ದಕ್ಕೆ ಇಡೀ ಪೇಟೆಯೇ ಮಾಳನಿಗೆ ಮರುಳಾಗಿತ್ತು. ಅಜ್ಜಿ ಅವನ ತಟ್ಟೆಗೆ ಕೆನೆಮೊಸರು ಸುರಿಯುತ್ತಿದ್ದಳು. ಯಾರಿಗೂ ಬಗ್ಗದ ಛತ್ರದ ಬೆಕ್ಕು ಅವನ ತೊಡೆಯ ಮೇಲೆ ಮಲಗುತ್ತಿತ್ತು. ಹೊಟ್ಟೆಕಿಚ್ಚು ಹತ್ತಿದವನಿಗೆ ಬೆಕ್ಕೂ ವೈರಿಯೇ! ಬುತ್ತಿ ಕಟ್ಟುವ ಹೊತ್ತಿಗೆ ರಾಜಕುಮಾರ ಅತ್ತಿತ್ತ ನೋಡಿ, ಮಾಳನ ಗಂಟಿನಲ್ಲಿ ರೊಟ್ಟಿಯ ಬದಲು ಕಲ್ಲು, ಹೊಟ್ಟು ತುಂಬಿ ಬಿಗಿದ. ಬೆಳಗಾದ ಮೇಲೆ ತಾನೇ ಮುಂದಾಗಿ ಹೊರಟ.

ಮೊದಲ ತಿರುವಿನಲ್ಲಿ ಮೂರು ಕಣ್ಣಿನ ಕರಡಿ ಅಡ್ಡ ನಿಂತಿತು. "ಉಣ್ಣಲು ಕೊಟ್ಟರೆ ದಾರಿ, ಇಲ್ಲದಿದ್ದರೆ ನೀನೇ ನನ್ನ ಊಟ" ಎಂದಿತು. ಇಂದುಧರ ಗಂಟು ಬಿಚ್ಚಿದ. ತುಪ್ಪ ಸವರಿದ ರೊಟ್ಟಿ, ಬೆಲ್ಲ, ಶೇಂಗಾ ಚಟ್ನಿ! ಕರಡಿ ಅರ್ಧ ತಿಂದು ತೇಗಿ ದಾರಿ ಬಿಟ್ಟಿತು. "ಕಟ್ಟುವುದರಲ್ಲೂ ಅವನದೇ ಮೇಲುಗೈ" ಎಂದು ರಾಜಕುಮಾರ ಹಲ್ಲು ಕಡಿದ.

ಎರಡನೆಯ ತಿರುವಿನಲ್ಲಿ, ತಾಕಿದವರನ್ನು ಮಂಜುಗಡ್ಡೆ ಮಾಡುವ ಗಾಳಿ ಬೀಸಿತು. ಗಂಟಿನ ತಳದಲ್ಲಿ ಮಾಳನ ಸ್ವಂತ ಕಂಬಳಿಯಿತ್ತು. ಹೊದ್ದು ದಾಟಿದ. "ತನ್ನ ಹೊದಿಕೆಯನ್ನೂ ಕೊಟ್ಟು ದೊಡ್ಡವನಾದನಲ್ಲ!" ಎಂದು ಕಂಬಳಿಯೊಳಗೇ ಕುದ್ದ.

ಮೂರನೆಯ ತಿರುವಿನಲ್ಲಿ ಗವಿಯ ಕಲ್ಲುಬಾಗಿಲು. ನೂಕಿದ, ಒದ್ದ, ಅಲುಗಲಿಲ್ಲ. ಬಾಗಿಲೇ ಬಾಯಿಬಿಟ್ಟಿತು: "ಒಂದು ಹೆಗಲಿಗೆ ನಾನು ತೆರೆಯೆನು. ನಿನ್ನ ಬುತ್ತಿ ಕಟ್ಟಿದವನೆಲ್ಲಿ?"

ಆಗ ಇಂದುಧರನಿಗೆ ತಾನು ಮಾಡಿದ್ದು ನೆನಪಾಯಿತು. ಕಲ್ಲಿನ ಗಂಟು ಹೊತ್ತ ಮಾಳ ಈಗ ಕರಡಿಯ ಮುಂದೆ ಇರಬೇಕು! ಅವನು ಸತ್ತರೆ ಅಮ್ಮನ ದನಿ ಬುರುಡೆಯಲ್ಲೇ ಕೊಳೆಯುತ್ತದೆ. ಎದ್ದೆನೋ ಬಿದ್ದೆನೋ ಎಂದು ಕೆಳಗೆ ಓಡಿದ. ಕರಡಿಯ ಪಂಜದಡಿ ಮಾಳನ ಕಾಲು ಸಿಕ್ಕಿ ರಕ್ತ ಸುರಿಯುತ್ತಿತ್ತು. ಉಳಿದ ರೊಟ್ಟಿಯನ್ನೆಲ್ಲ ಕರಡಿಗೆ ಎಸೆದು ಅವನನ್ನು ಬಿಡಿಸಿಕೊಂಡ.

"ಕಲ್ಲು ಕಟ್ಟಿದ್ದು ಬೇಕಂತಲೇನಾ?" ಎಂದು ಮಾಳ ಕೇಳಿದ.

"ಹೂಂ."

ಮಾಳ ರಾಜಕುಮಾರನ ಕೆನ್ನೆಗೆ ಛಟೀರೆಂದು ಬಿಟ್ಟ. "ನಡಿ, ಹೆಗಲು ಕೊಡು. ಕುಂಟ್ಕೊಂಡಾದರೂ ಬರ್ತೀನಿ" ಎಂದ.

ಒಂದೇ ಕಂಬಳಿ ಹೊದ್ದು ಇಬ್ಬರೂ ಗಾಳಿ ದಾಟಿದರು. ಎರಡು ಹೆಗಲು ತಾಗಿದ್ದೇ ಬಾಗಿಲು ತೆರೆಯಿತು. ಗವಿಯೊಳಗೆ ಬಿಸಿಲು ನುಗ್ಗಿತು. ಬಿಸಿಲನ್ನೇ ಕಾಣದ ಮಸಿಗಣ್ಣ ನಿಂತಲ್ಲೇ ಬೂದಿಯಾದ. ಇಬ್ಬರೂ ಬುರುಡೆ ಹೊತ್ತು ಊರಿಗೆ ಮರಳಿದರು.

ರಾಣಿಯ ಮುಂದೆ ಬುರುಡೆ ಒಡೆದರು. ದನಿ ಬಂತು. ಆದರೆ ಮೊದಲ ಮಾತು ಮಗನಿಗಲ್ಲ.

"ಅಯ್ಯೋ ಕಂದಾ, ನಿನ್ನ ಕಾಲಿಗೇನಾಯಿತು?" ಎಂದು ರಾಣಿ ಮಾಳನ ಬಳಿ ಕುಳಿತಳು.

ಇಂದುಧರನಿಗೆ ಮತ್ತೆ ಉರಿಯಿತು. ಇಷ್ಟು ದೂರ ನಡೆದದ್ದು ಇದಕ್ಕೇನೇ?

"ಏನಿಲ್ಲ ತಾಯಿ, ಬಿದ್ದೆ" ಎಂದ ಮಾಳ.

ಅದನ್ನು ಕೇಳಿ ರಾಜಕುಮಾರನ ಮೈಯೆಲ್ಲ ಹೊತ್ತಿಕೊಂಡಿತು. ಇಲ್ಲೂ ಇವನೇ ಒಳ್ಳೆಯವನಾಗಬೇಕೇ?

"ಸುಳ್ಳು! ಬಿದ್ದಿಲ್ಲಮ್ಮ" ಎಂದು ಕೂಗಿದ. "ನಾನು ಅವನ ಬುತ್ತಿಗೆ ಕಲ್ಲು ಕಟ್ಟಿದ್ದೆ. ಅದರಿಂದಲೇ ಹೀಗಾಯಿತು."

ರಾಣಿ ಎದ್ದು ಬಂದು ಮಗನ ಕಿವಿ ಹಿಡಿದಳು. ಆಮೇಲೆ ಬೈದಳು ನೋಡಿ! ಇಷ್ಟು ದಿನ ಆಡದೆ ಉಳಿದ ಮಾತನ್ನೆಲ್ಲ ಒಟ್ಟಿಗೇ ಸುರಿದಳು. ಕಿವಿ ಕೆಂಪಾಗಿ ಉರಿಯುತ್ತಿದ್ದರೂ ಇಂದುಧರ ಕದಲಲಿಲ್ಲ. ಅಷ್ಟೂ ಬೈಗುಳ ಅವನೊಬ್ಬನಿಗೇ, ಮಾಳನಿಗೆ ಒಂದೂ ಇರಲಿಲ್ಲ. ಕಣ್ಣೀರು ಸುರಿಸುತ್ತ, ನಗುತ್ತ, "ಇನ್ನೂ ಬೈಯಮ್ಮ" ಎಂದ.